ಗಿರಿಯ ಚಳಿಯಲ್ಲಿ ಸೈಕಲ್ ರೇಸ್: ಏರಿನ ಬೆವರು, ಇಳಿಜಾರಿನ ಗಾಳಿ

ಪ್ರಶ್ನೆ: ಸರ್, ನಾನು ಹಾಸನದವನು, ವಯಸ್ಸು 24. ಡಿಸೆಂಬರಿನಲ್ಲಿ ಚಿಕ್ಕಮಗಳೂರು ಕಡೆ ಒಂದು ಎಂಟಿಬಿ (ಮೌಂಟನ್ ಬೈಕ್, ಅಂದರೆ ಗುಡ್ಡಗಾಡಿನ ಸೈಕಲ್) ರೇಸಿಗೆ ಹೋಗಿದ್ದೆ. ಬೆಳಿಗ್ಗೆ 7ಕ್ಕೆ ಶುರು. ಚಳಿ ಜಾಸ್ತಿ ಅಂತ ಒಳಗೆ ಬನಿಯನ್, ಅದರ ಮೇಲೆ ಜೆರ್ಸಿ, ಮೇಲೊಂದು ಜರ್ಕಿನ್ ಹಾಕಿದ್ದೆ. ಏರು ಹತ್ತುವಾಗ ಸೆಕೆಯಾಗಿ ಜರ್ಕಿನ್ ಬಿಚ್ಚಿ ಸೊಂಟಕ್ಕೆ ಕಟ್ಟಿಕೊಂಡೆ. ಇಳಿಜಾರಿನಲ್ಲಿ ಮೈ ನಡುಗಿ, ಬೆರಳು ಮರಗಟ್ಟಿ ಬ್ರೇಕ್ ಹಿಡಿಯುವುದಕ್ಕೇ ಆಗಲಿಲ್ಲ. ಜನವರಿ ಕೊನೆಗೆ ಇನ್ನೊಂದು ರೇಸ್ ಇದೆ. ಇನ್ನೂ ದಪ್ಪ ಬಟ್ಟೆ ಬೇಕಾ?

ಉತ್ತರ: ಬೇಡ. ಅದಕ್ಕಿಂತ ಕಡಿಮೆ ಬಟ್ಟೆ ಸಾಕು. ನಿಮ್ಮನ್ನು ನಡುಗಿಸಿದ್ದು ನಿಮ್ಮದೇ ಬೆವರು.

ಲೆಕ್ಕ ನೋಡಿ. ಜನವರಿಯ ಬೆಳಿಗ್ಗೆ ಚಿಕ್ಕಮಗಳೂರು ಪೇಟೆಯಲ್ಲಿ ಸಾಮಾನ್ಯವಾಗಿ 15 ಡಿಗ್ರಿ ಆಸುಪಾಸು ಇರುತ್ತದೆ. ಪೇಟೆಯ ಎತ್ತರ ಸುಮಾರು 1,090 ಮೀಟರ್, ಮುಳ್ಳಯ್ಯನಗಿರಿಯದು 1,930 ಮೀಟರ್. ಸಾವಿರ ಮೀಟರ್ ಮೇಲೇರಿದರೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. ಹಾಗಾಗಿ ಗಿರಿಯ ಮೇಲೆ 10 ಡಿಗ್ರಿ ಅಂದುಕೊಳ್ಳಿ. ಸುಮ್ನೆ ನಿಂತವರಿಗೆ ಒಂದು ಸ್ವೆಟರ್ ಸಾಕಾಗುವ ಚಳಿ ಇದು. ಆದರೆ ಗಂಟೆಗೆ 40 ಕಿ.ಮೀ. ವೇಗದಲ್ಲಿ ಇಳಿಯುವಾಗ ಒಣಗಿದ ಮೈಗೇ ಅದು 6 ಡಿಗ್ರಿಯಷ್ಟು ತಣ್ಣಗೆ ತಾಗುತ್ತದೆ. ನಿಮ್ಮ ಮೈ ಒಣಗಿರಲಿಲ್ಲ. ಜರ್ಕಿನ್ ಒಳಗೆ ಬೆವರಿ ಬನಿಯನ್ ಹಿಂಡುವಷ್ಟು ಒದ್ದೆಯಾಗಿತ್ತು. ಇಳಿಯುವಾಗ ಕಾಲಿಗೆ ಕೆಲಸವಿಲ್ಲ, ಮೈಯಲ್ಲಿ ಹೆಚ್ಚು ಬಿಸಿ ಹುಟ್ಟುವುದಿಲ್ಲ. ಅದೇ ಹೊತ್ತಿಗೆ ಒದ್ದೆ ಬಟ್ಟೆಗೆ ಗಾಳಿ ಬಡಿದು ಇದ್ದ ಬಿಸಿಯನ್ನೂ ಕಿತ್ತುಕೊಂಡು ಹೋಯಿತು.

ಹತ್ತಿ ಬನಿಯನ್ ಮನೆಯಲ್ಲೇ ಇರಲಿ. ಅದು ಬೆವರು ಹೀರುತ್ತದೆ, ಬೇಗ ಒಣಗುವುದಿಲ್ಲ. ಪಾಲಿಯೆಸ್ಟರಿನ ತೆಳುವಾದ, ಮೈಗೆ ಅಂಟಿಕೊಳ್ಳುವ ಒಳ ಅಂಗಿ, ಅದರ ಮೇಲೆ ಜೆರ್ಸಿ ಹಾಕಿ. ತೋಳಿಗೆ ಆರ್ಮ್ ವಾರ್ಮರ್ (ಬೇಕಾದಾಗ ಹಾಕಿ ತೆಗೆಯುವ ಬಿಡಿ ತೋಳು) ಇದ್ದರೆ ಏರಿನಲ್ಲಿ ಮಣಿಕಟ್ಟಿಗೆ ಇಳಿಸಬಹುದು, ತುದಿ ಮುಟ್ಟಿದ ಮೇಲೆ ಎಳೆದುಕೊಳ್ಳಬಹುದು. ಸ್ಟಾರ್ಟ್ ಲೈನಿನಲ್ಲಿ ನಿಂತಾಗ ಸ್ವಲ್ಪ ಚಳಿ ಆಗಲೇಬೇಕು. ಅಲ್ಲೇ ಬೆಚ್ಚಗಿದ್ದರೆ ಬಟ್ಟೆ ಜಾಸ್ತಿಯಾಗಿದೆ ಅಂತ ತಿಳಿಯಿರಿ. ಜರ್ಕಿನ್ ಹಾಕಿಕೊಂಡೇ ವಾರ್ಮ್ ಅಪ್ ಮಾಡಿ, ಶುರುವಾಗುವ ಐದು ನಿಮಿಷ ಮೊದಲು ಬಿಚ್ಚಿ ಸ್ನೇಹಿತರ ಕೈಗೆ ಕೊಡಿ. ಸೊಂಟಕ್ಕೆ ಕಟ್ಟುವುದಂತೂ ಬೇಡವೇ ಬೇಡ. ಅದರ ತೋಳು ಜಾರಿ ಹಿಂದಿನ ಚಕ್ರಕ್ಕೆ ಸಿಕ್ಕಿಕೊಂಡರೆ ದೊಡ್ಡ ಅನಾಹುತ.

ಉದ್ದದ ಇಳಿಜಾರು ಇದ್ದರೆ ಹಳೆಯ ರೇಸುಗಾರರ ಉಪಾಯವೊಂದಿದೆ. ಒಂದು ಹಾಳೆ ದಿನಪತ್ರಿಕೆ ಮಡಚಿ ಜೇಬಿನಲ್ಲಿಡಿ. ತುದಿಯಲ್ಲಿ ಅದನ್ನು ಜೆರ್ಸಿಯೊಳಗೆ ಎದೆಗೆ ಅಡ್ಡ ಸೇರಿಸಿ ಜಿಪ್ ಎಳೆಯಿರಿ. ಎದೆಗೆ ನೇರ ಗಾಳಿ ಹೊಡೆಯುವುದಿಲ್ಲ. ಇಳಿದ ಮೇಲೆ ಅದನ್ನು ಮತ್ತೆ ಜೇಬಿಗೇ ಹಾಕಿ, ತೋಟದಲ್ಲಿ ಎಸೆಯಬೇಡಿ.

ಬೆರಳಿನ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಒಳಮೈ ತಣ್ಣಗಾದರೆ ದೇಹ ಮೊದಲು ಕೈಕಾಲಿನ ತುದಿಗೆ ರಕ್ತ ಕಡಿಮೆ ಮಾಡುತ್ತದೆ. ಅದಕ್ಕೇ ಕೈ ಬೆಚ್ಚಗಿರಬೇಕಾದರೆ ಎದೆ ಬೆಚ್ಚಗಿರಬೇಕು. ಬೆರಳು ಪೂರ್ತಿ ಮುಚ್ಚುವ ತೆಳು ಗ್ಲೌಸ್ ಹಾಕಿ. ದಪ್ಪನೆಯದು ಹಾಕಿದರೆ ಬ್ರೇಕ್ ಲಿವರ್ ಎಷ್ಟು ಒತ್ತಿದೆ ಅನ್ನುವುದೇ ಗೊತ್ತಾಗುವುದಿಲ್ಲ. ಗಾಳಿ ತೂರುತ್ತಿದ್ದರೆ ಒಳಗೆ ಡಾಕ್ಟರುಗಳು ಬಳಸುವ ರಬ್ಬರ್ ಗ್ಲೌಸ್ ಹಾಕಿ ನೋಡಿ, ಒಂದೂವರೆ ಗಂಟೆಯ ರೇಸಿಗೆ ಅದು ಧಾರಾಳ ಸಾಕು. ಬ್ರೇಕ್ ಲಿವರನ್ನು ಹ್ಯಾಂಡಲಿನ ಹತ್ತಿರಕ್ಕೆ ತಂದುಕೊಳ್ಳಿ, ಮರಗಟ್ಟಿದ ಬೆರಳು ದೂರ ಚಾಚುವುದಿಲ್ಲ. ಇಷ್ಟಾದರೂ ಬೆರಳಿಗೆ ಲಿವರ್ ಗೊತ್ತಾಗದಿದ್ದರೆ ನಿಲ್ಲಿಸಿ, ಕೈಯನ್ನು ಕಂಕುಳಲ್ಲಿ ಇಟ್ಟುಕೊಂಡು ಜೀವ ಬಂದ ಮೇಲೆ ಹೊರಡಿ. ಒಂದು ನಿಮಿಷ ಹೋದರೆ ಹೋಗಲಿ. ಬ್ರೇಕ್ ಇಲ್ಲದೆ ತಿರುವಿಗೆ ನುಗ್ಗಬೇಡಿ.

ದಾರಿಯ ಬಗ್ಗೆಯೂ ಒಂದು ಮಾತು. ಕಾಫಿ ತೋಟದ ದಾರಿಯಲ್ಲಿ ಬೆಳಗಿನ ಹೊತ್ತು ಸಿಲ್ವರ್ ಓಕ್ ಎಲೆ ದಪ್ಪಗೆ ಬಿದ್ದಿರುತ್ತದೆ. ಮೇಲೆ ಇಬ್ಬನಿ, ಅಡಿಯಲ್ಲಿ ಕಲ್ಲೋ ಬೇರೋ ಕಾಣುವುದಿಲ್ಲ. ಬ್ರೇಕ್ ಎಲೆಯ ಮೇಲೆ ಹಿಡಿಯಬೇಡಿ, ಅದಕ್ಕೆ ಮೊದಲೇ ಮಣ್ಣಿನ ಮೇಲೆ ಹಿಡಿದು ಮುಗಿಸಿ. ಇನ್ನು ಗಾಳಿ ಬೀಸದ ರಾತ್ರಿಯಲ್ಲಿ ತಣ್ಣನೆ ಗಾಳಿ ಭಾರವಾಗಿ ತಗ್ಗಿಗೆ ಇಳಿದು ನಿಲ್ಲುತ್ತದೆ. ಹಾಗಾಗಿ ಬೆಳಿಗ್ಗೆ ಗುಡ್ಡದ ಪಕ್ಕಕ್ಕಿಂತ ಕೆಳಗಿನ ಗದ್ದೆ ಬಯಲಲ್ಲೇ ಚಳಿ ಜಾಸ್ತಿ ಇರಬಹುದು. ಇಳಿಜಾರು ಮುಗಿಯಿತು ಅಂತ ಅಲ್ಲಿ ಜಿಪ್ ಬಿಚ್ಚಬೇಡಿ.

ಚಳಿಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ, ಬೆವರು ಮಾತ್ರ ಹೋಗುತ್ತಲೇ ಇರುತ್ತದೆ. ಕಾಲು ಗಂಟೆಗೊಮ್ಮೆ ಎರಡು ಗುಟುಕು ಕುಡಿಯಿರಿ. ತಿನ್ನುವುದಕ್ಕೆ ಬೀಜ ತೆಗೆದ ಖರ್ಜೂರ ಒಳ್ಳೆಯದು. ಏದುಸಿರಿನಲ್ಲಿ ಚಿಕ್ಕಿ ಅಗಿಯುವುದು ಕಷ್ಟ.

ಪ್ರಶ್ನೆ: ಬೇಲೂರಿನಿಂದ ಬರೆಯುತ್ತಿದ್ದೇನೆ. ನನ್ನ ಮಗಳಿಗೆ 16 ವರ್ಷ. ಸೈಕಲ್ ರೇಸ್ ಅಂದರೆ ಪ್ರಾಣ. ಬೆಳಿಗ್ಗೆ 6 ಗಂಟೆಗೆ ಪ್ರಾಕ್ಟೀಸಿಗೆ ಹೋಗಿ ಬಂದ ಮೇಲೆ ಕೆಮ್ಮುತ್ತಾಳೆ, ಎದೆ ಹಿಡಿದ ಹಾಗೆ ಆಗುತ್ತದೆ, ಉಸಿರಾಡುವಾಗ ಸುಂಯ್ ಅನ್ನುತ್ತದೆ. ನಮ್ಮ ಅತ್ತೆ ಸೈಕಲ್ ಬಿಡಿಸು ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ತಾಯೀ, ಸೈಕಲ್ ಬಿಡಿಸಬೇಡಿ. ಮೊದಲು ಡಾಕ್ಟರಿಗೆ ತೋರಿಸಿ. ಅಲ್ಲಿಯವರೆಗೆ ಜೋರು ಪ್ರಾಕ್ಟೀಸ್ ಬೇಡ.

ಜೋರಾಗಿ ತುಳಿಯುವಾಗ ಬಾಯಲ್ಲಿ ಉಸಿರಾಡುತ್ತೇವೆ. ಹೊರಗೆ ಮಂಜು ಕವಿದಿದ್ದರೂ 10 ಡಿಗ್ರಿಯ ಗಾಳಿಯಲ್ಲಿ ಒಂದು ಘನ ಮೀಟರಿಗೆ ಇರುವುದು ಸುಮಾರು 9 ಗ್ರಾಂ ನೀರು. ಶ್ವಾಸಕೋಶದ ಒಳಗಿನ ಗಾಳಿಯಲ್ಲಿ ಸುಮಾರು 44 ಗ್ರಾಂ ಇರಬೇಕು. ಆ ವ್ಯತ್ಯಾಸವನ್ನು ಉಸಿರಿನ ಕೊಳವೆಗಳೇ ತುಂಬಬೇಕು. ಹಾಗೆ ಒಣಗಿದಾಗ ಕೆಲವರಿಗೆ ಅವು ಬಿಗಿದುಕೊಳ್ಳುತ್ತವೆ. ನಿಮ್ಮ ಮಗಳಿಗೆ ಇದೇ ಆಗುತ್ತಿರಬಹುದು, ಆಸ್ತಮಾ ಕೂಡ ಇರಬಹುದು. ಊದಿಸಿ ನೋಡುವ ಸ್ಪೈರೋಮೆಟ್ರಿಯಂಥ ಪರೀಕ್ಷೆಗಳಿಂದ ಡಾಕ್ಟರಿಗೆ ತಿಳಿಯುತ್ತದೆ. ಇನ್ಹೇಲರ್ ಬರೆದುಕೊಟ್ಟರೆ ಹೆದರಬೇಡಿ. ಒಲಿಂಪಿಕ್ಸಿಗೆ ಹೋದವರಲ್ಲೂ ಇನ್ಹೇಲರ್ ಬಳಸುವವರಿದ್ದಾರೆ. ಇನ್ಹೇಲರಿನ ಸಾಲ್ಬುಟಮಾಲ್ ಔಷಧಿಗೆ, ಕ್ರೀಡೆಯಲ್ಲಿ ಉದ್ದೀಪನ ಮದ್ದು ತಡೆಯುವ ಸಂಸ್ಥೆ ವಾಡಾದ ನಿಯಮದಲ್ಲಿ ಒಂದು ಮಿತಿಯವರೆಗೆ ಅವಕಾಶ ಇದೆ. ರೇಸಿಗೆ ಹೋಗುವಾಗ ಡಾಕ್ಟರ್ ಚೀಟಿ ಜೊತೆಗಿರಲಿ.

ಡಾಕ್ಟರ್ ಸರಿ ಅಂದ ಮೇಲೆ ನಿಧಾನವಾಗಿ ಶುರು ಮಾಡಿಸಿ. 15-20 ನಿಮಿಷ ವಾರ್ಮ್ ಅಪ್, ನಡುವೆ ನಾಲ್ಕೈದು ಸಲ ಸ್ವಲ್ಪ ಸ್ವಲ್ಪ ಹೊತ್ತು ಜೋರಾಗಿ ತುಳಿಯಲಿ. ಬಾಯಿ ಮೂಗಿಗೆ ತೆಳು ಬಟ್ಟೆ ಇದ್ದರೆ ಗಾಳಿ ಸ್ವಲ್ಪ ಬೆಚ್ಚಗಾಗಿ ಒಳಗೆ ಹೋಗುತ್ತದೆ.

6 ಗಂಟೆ ಅಂದಿರಲ್ಲ, ಅದನ್ನು 8ಕ್ಕೆ ಬದಲಾಯಿಸಿ. ಇದನ್ನು ಚಳಿಗಾಗಿ ಮಾತ್ರ ಹೇಳುತ್ತಿಲ್ಲ. ಬೇಲೂರು, ಆಲೂರು, ಸಕಲೇಶಪುರ ಕಡೆ ಕಾಡಾನೆಗಳು ತೋಟದ ದಾರಿಯಲ್ಲೇ ಓಡಾಡುವುದು ನಿಮಗೇ ಗೊತ್ತು. ಮಂಜಿನಲ್ಲಿ ಇಪ್ಪತ್ತು ಅಡಿ ದೂರದ ಆನೆಯೂ ಕಾಣದೇ ಇರಬಹುದು, ಸೈಕಲ್ ಸದ್ದು ಮಾಡುವುದಿಲ್ಲ. ಒಬ್ಬಳನ್ನೇ ಕಳಿಸಬೇಡಿ. ಹೊರಡುವ ಮೊದಲು ತೋಟದವರನ್ನು ಕೇಳಿ, ರಾತ್ರಿ ಆನೆ ಬಂದಿದ್ದರೆ ಅವತ್ತು ಪ್ರಾಕ್ಟೀಸ್ ಬೇಡ.

ಪ್ರಶ್ನೆ: ಚಳಿಯಲ್ಲಿ ಟೈರಿನ ಗಾಳಿ ಇಳಿಯುತ್ತದಾ? ರೇಸಿಗೆ ಎಷ್ಟು ಇಡಬೇಕು? (ಓದುಗರು, ಮೂಡಿಗೆರೆ)

ಉತ್ತರ: ಇಳಿಯುತ್ತದೆ. ಹಿಂದಿನ ದಿನ ಮಧ್ಯಾಹ್ನ 25 ಡಿಗ್ರಿಯಲ್ಲಿ 25 ಪಿಎಸ್‌ಐ (ಟೈರಿನ ಗಾಳಿಯ ಒತ್ತಡದ ಅಳತೆ) ಹೊಡೆದಿಟ್ಟರೆ ಬೆಳಿಗ್ಗೆ 10 ಡಿಗ್ರಿಯಲ್ಲಿ ಸುಮಾರು 23 ತೋರಿಸುತ್ತದೆ. ಪಂಕ್ಚರ್ ಅಂತ ಗಾಬರಿ ಬೇಡ. ಎಷ್ಟಿರಬೇಕು ಅನ್ನುವುದು ನಿಮ್ಮ ತೂಕ, ಟೈರಿನ ಅಗಲ, ಟ್ಯೂಬ್ ಇದೆಯೋ ಇಲ್ಲವೋ ಅನ್ನುವುದರ ಮೇಲಿದೆ. ಪ್ರಾಕ್ಟೀಸಿನಲ್ಲಿ ಹಿಡಿತ ಚೆನ್ನಾಗಿದ್ದ ಅಳತೆ ಬರೆದಿಟ್ಟುಕೊಳ್ಳಿ. ರೇಸಿನ ಬೆಳಿಗ್ಗೆ ಸೈಕಲನ್ನು ಅರ್ಧ ಗಂಟೆ ಹೊರಗೆ ನಿಲ್ಲಿಸಿ, ಆಮೇಲೆ ಅದೇ ಗೇಜಿನಲ್ಲಿ ನೋಡಿ ಆ ಅಳತೆಗೆ ತನ್ನಿ.