ಏಳು ಅಡಿ ಆಳು, ಮೂರು ಚೀಟಿ

ಜಮಖಂಡಿಯ ಓದುಗರೊಬ್ಬರು ಬರೆದಿದ್ದಾರೆ: "ವಲುಯೇವ್–ಹೋಲಿಫೀಲ್ಡ್ ಬಾಕ್ಸಿಂಗ್ ಪಂದ್ಯದ ವಿಡಿಯೊ ನೋಡಿದೆ. ಏಳು ಅಡಿ ಆಳು ವಲುಯೇವ್ ಹನ್ನೆರಡು ಸುತ್ತೂ ಸುಮ್ನೆ ನಿಂತಿದ್ದ. ಆದರೂ ಅವನನ್ನೇ ಗೆಲ್ಲಿಸಿದರು. ತೀರ್ಪುಗಾರರು ದುಡ್ಡು ತಿಂದಿರಲೇಬೇಕು. ನಮ್ಮ ಕುಸ್ತಿ ಕಣದಲ್ಲಿ ಹೀಗೆ ಮಾಡಿದ್ದರೆ ಜನ ಬಿಡುತ್ತಿದ್ದರಾ?"

ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಪತ್ರ ಬಂದ ರಾತ್ರಿ ಬೆಳಗಾವಿಯ ನಮ್ಮ ಕಚೇರಿಯಲ್ಲೇ ಕೂತು ಪಂದ್ಯವನ್ನು ಮತ್ತೆ ನೋಡಿದೆ. ಕಾಮೆಂಟರಿ ಬಂದ್ ಮಾಡಿ, ಪ್ರೂಫ್ ಹಾಳೆಯ ಹಿಂಬದಿಗೆ ಒಂದೊಂದೇ ಸುತ್ತಿನ ಅಂಕ ಬರೆದುಕೊಂಡೆ. ಹೋಲಿಫೀಲ್ಡ್‌ಗೆ ಏಳು ಸುತ್ತು, ವಲುಯೇವ್‌ಗೆ ಐದು; ಗೆದ್ದರೆ 10, ಸೋತರೆ 9ರ ಲೆಕ್ಕದಲ್ಲಿ 115-113. ಹೋಲಿಫೀಲ್ಡ್ ಗೆದ್ದಿದ್ದ ಅಂತಲೇ ನನ್ನ ತೀರ್ಮಾನ. ಆದರೆ ಮೂರು ಸುತ್ತುಗಳ ಮುಂದೆ ಮೊದಲು ಬರೆದದ್ದನ್ನು ಹೊಡೆದುಹಾಕಿ ತಿದ್ದಿದ್ದೇನೆ. ನಾವು ಮಾತಾಡಬೇಕಾದದ್ದು ಆ ಮೂರರ ಬಗ್ಗೆಯೇ.

ಮೊದಲು ಆ ದೈತ್ಯನ ವಿಷಯ. ಪಂದ್ಯ ನಡೆದದ್ದು 2008ರ ಡಿಸೆಂಬರ್ 20ರಂದು, ಜ್ಯೂರಿಕ್‌ನಲ್ಲಿ. ರಷ್ಯಾದ ನಿಕೊಲಾಯ್ ವಲುಯೇವ್ ಸುಮಾರು 140 ಕಿಲೋ. ಎದುರಿಗೆ ಅಮೆರಿಕದ ಇವಾಂಡರ್ ಹೋಲಿಫೀಲ್ಡ್, 97 ಕಿಲೋ, ವಯಸ್ಸು 46. ವಲುಯೇವ್ ಸುಮ್ನೆ ನಿಂತಿರಲಿಲ್ಲ. ಅವನ ಪಾದ ನೋಡಿ. ಹೋಲಿಫೀಲ್ಡ್ ಪಕ್ಕಕ್ಕೆ ಒಂದು ಹೆಜ್ಜೆ ಇಟ್ಟರೆ ಇವನು ತಿರುಗಿ ನಿಲ್ಲೋಕೆ ಮೂರು ಹೆಜ್ಜೆ ಬೇಕು. ಪಾದ ಊರುವ ಹೊತ್ತಿಗೆ ಎದುರಿಗೆ ಆಳೇ ಇಲ್ಲ. ಪಾದ ಊರದೆ ಬಲಗೈ ಬೀಸಿದರೆ ಏಟಿನಲ್ಲಿ ಮೈಭಾರ ಇರುವುದಿಲ್ಲ, ಬರೀ ತೋಳು. ಕೊನೆಗೆ ಉಳಿಯುವುದು ಎಡಗೈಯ ಜ್ಯಾಬ್, ಅಂದರೆ ಕೈ ನೇರ ಚಾಚಿ ಕೊಡುವ ಏಟು, ಒಂದೇ. ಅದನ್ನೂ ಮುಕ್ಕಾಲು ಅಡಿ ಗಿಡ್ಡ ಇರುವವನ ತಲೆಗೆ ಮೇಲಿಂದ ಕೆಳಕ್ಕೆ ಹೊಡೆಯಬೇಕು. ಇಪ್ಪತ್ತರ ವಯಸ್ಸಿಗೆ ಬಾಕ್ಸಿಂಗ್‌ಗೆ ಬಂದವನು ಇಷ್ಟೇ ಬಂಡವಾಳದಲ್ಲಿ ಮುಂದೆ ವಿಶ್ವ ಪಟ್ಟ ಗೆದ್ದ. ಅದಕ್ಕೆ ನನಗೆ ಅವನ ಮೇಲೆ ಗೌರವ ಇದೆ.

ಹೋಲಿಫೀಲ್ಡ್‌ಗೆ ಇದೆಲ್ಲ ಗೊತ್ತಿತ್ತು. ಸುತ್ತಿ ಸುತ್ತಿ ಬಂದು, ಒಳನುಗ್ಗಿ ಎರಡು ಕೊಟ್ಟು ಹೊರಗೆ ಜಾರುತ್ತಿದ್ದ. ಆದರೆ ಜಾಸ್ತಿ ಹೊಡೆಯಲಿಲ್ಲ. ನಾನು ತಿದ್ದಿದ ಸುತ್ತುಗಳಲ್ಲಿ ಇಬ್ಬರದೂ ಸೇರಿ ಸರಿಯಾಗಿ ತಾಗಿದ ಏಟು ಬೆರಳಲ್ಲಿ ಎಣಿಸುವಷ್ಟು. ತೀರ್ಪುಗಾರ ಏನು ಮಾಡಬೇಕು? ಸುತ್ತು ಗೆದ್ದವನಿಗೆ 10, ಸೋತವನಿಗೆ 9. ಕೂದಲೆಳೆಯಲ್ಲಿ ಗೆದ್ದರೂ ಅಷ್ಟೇ, ಮೂರು ನಿಮಿಷ ಮೇಲುಗೈ ಸಾಧಿಸಿದರೂ ಸಾಮಾನ್ಯವಾಗಿ ಅಷ್ಟೇ. ಮೂವರು ತೀರ್ಪುಗಾರರಲ್ಲಿ ಒಬ್ಬರ ಅಂಕದ ಚೀಟಿ 114-114. ಉಳಿದೆರಡು 115-114, 116-112, ಎರಡೂ ವಲುಯೇವ್ ಕಡೆಗೆ. ಮೊದಲೆರಡನ್ನು ನಾನು ಒಪ್ಪುವುದಿಲ್ಲ, ಆದರೆ ಹೇಗೆ ಬಂದವು ಅಂತ ತಿಳಿಯುತ್ತದೆ. 116-112 ಮಾತ್ರ ಗಂಟಲಲ್ಲಿ ಇಳಿಯುತ್ತಿಲ್ಲ. ಅಷ್ಟು ಬರಬೇಕಾದರೆ ಅವನು ಎಂಟು ಸುತ್ತು ಗೆದ್ದಿರಬೇಕು. ಯಾವ ಎಂಟು? ಆದರೂ ದುಡ್ಡು ತಿಂದರು ಅನ್ನೋಕೆ ಆಧಾರ ಬೇಕು. ಆಧಾರವಿಲ್ಲದೆ ಆ ಮಾತನ್ನು ನಾನು ಹೇಳಲಾರೆ.

ಇದೇ ಹೋಲಿಫೀಲ್ಡ್‌ಗೆ ಇಂಥದ್ದೇ ಚೀಟಿಯಿಂದ ಲಾಭವೂ ಆಗಿತ್ತು. 1999ರ ಮಾರ್ಚ್ 13ರಂದು ನ್ಯೂಯಾರ್ಕಿನಲ್ಲಿ ಬ್ರಿಟನ್‌ನ ಬಾಕ್ಸರ್ ಲೆನಾಕ್ಸ್ ಲೂಯಿಸ್ 348 ಏಟು ತಾಗಿಸಿದ, ಇವನು 130. ಪಂದ್ಯ ಡ್ರಾ! ಲೂಯಿಸ್ ಇವನನ್ನು ಹಗ್ಗಕ್ಕೆ ಒತ್ತಿ ಬಡಿದ ಐದನೇ ಸುತ್ತನ್ನೂ ಒಬ್ಬ ತೀರ್ಪುಗಾರರು ಇವನಿಗೇ ಕೊಟ್ಟರು. ಆಮೇಲೆ ಟಿವಿಯಲ್ಲಿ ನೋಡಿ, ಆ ಸುತ್ತು ಲೂಯಿಸ್‌ನದು ಅಂತ ಅವರೇ ಒಪ್ಪಿಕೊಂಡರು. ಕೂತ ಜಾಗದಿಂದ ಕಾಣುವುದೇ ಬೇರೆ.

ಇನ್ನು ನಮ್ಮ ಕುಸ್ತಿ. ಬೆನ್ನು ತಾಗಿತೋ ಇಲ್ಲವೋ ಅಂತ ಅಲ್ಲೂ ಜಗಳ ಆಗುತ್ತದೆ. ಆದರೆ ಅಂಕದ ಲೆಕ್ಕವಿಲ್ಲದೆ, ಎದುರಾಳಿಯ ಬೆನ್ನು ನೆಲಕ್ಕೆ ತಾಗಿಸಿ ಗೆಲ್ಲುವ ನಿಕಾಲಿ ಕುಸ್ತಿಯಲ್ಲಿ ಚಿತ್ ಆದದ್ದು ಕಣದ ಸುತ್ತ ಕೂತ ಎಲ್ಲರಿಗೂ ಕಾಣುತ್ತದೆ. ಎಷ್ಟು ಹೊತ್ತಾದರೂ ಯಾರೂ ಬೀಳದಿದ್ದರೆ 'ಸಮ' ಅಂತ ಬಿಡಿಸಿ ಇಬ್ಬರ ಕೈಯನ್ನೂ ಎತ್ತುತ್ತಾರೆ. ಬಾಕ್ಸಿಂಗ್‌ನಲ್ಲೂ 10-10 ಕೊಡಬಹುದು, ಆದರೆ ತೀರ್ಪುಗಾರರು ಕೊಡೋಕೆ ಹಿಂಜರಿಯುತ್ತಾರೆ. ಏನೂ ನಡೆಯದ ಸುತ್ತಿನಲ್ಲೂ ಒಬ್ಬನನ್ನು ಗೆಲ್ಲಿಸಿಬಿಡುತ್ತಾರೆ. ನನ್ನ ತಕರಾರು ಇದೇ. ನಾನು ತಿದ್ದಿದ ಆ ಮೂರು ಸುತ್ತೂ 10-10 ಆಗಬೇಕಿತ್ತು.

2009ರ ನವೆಂಬರ್ 7ರಂದು ನ್ಯೂರೆಂಬರ್ಗ್‌ನಲ್ಲಿ ಬ್ರಿಟನ್‌ನ ಡೇವಿಡ್ ಹೇಯ್ ಕೂಡ ವಲುಯೇವ್ ಸುತ್ತ ಹೀಗೇ ಸುತ್ತಿದ. ಅವನೂ ಕಡಿಮೆಯೇ ಹೊಡೆದ. ಆದರೆ ಹನ್ನೆರಡನೇ ಸುತ್ತಿನಲ್ಲಿ ದೈತ್ಯನ ಕಾಲು ತಡವರಿಸುವಂತೆ ಮಾಡಿದ. ಒಂದು ಚೀಟಿ 114-114, ಎರಡು 116-112 ಹೇಯ್ ಕಡೆಗೆ. ಜ್ಯೂರಿಕ್‌ನಲ್ಲಿ ಹೋಲಿಫೀಲ್ಡ್‌ಗೆ ಅಂಥ ಒಂದು ಗಳಿಗೆ ಸಿಗಲಿಲ್ಲ. ಆ ಪಂದ್ಯವನ್ನೂ ನೋಡಿ, ಸೌಂಡ್ ಬಂದ್ ಮಾಡಿ. ಎರಡೂ ಪಂದ್ಯಕ್ಕೆ ನಿಮ್ಮ ಅಂಕ ಬರೆದು ಕಳಿಸಿ. ನನ್ನ ಪ್ರೂಫ್ ಹಾಳೆ ಎತ್ತಿಟ್ಟಿದ್ದೇನೆ, ಪಕ್ಕದಲ್ಲಿಟ್ಟು ನೋಡೋಣ.