ಸಣ್ಣ ಸರ್ಕಾರಿ ಶಾಲೆಯ ಪರಿಸರ ಪಾಠಕ್ಕೆ ಊರಿನವರನ್ನು ಜೊತೆಗೂಡಿಸುವುದು ಹೇಗೆ?

ಇಬ್ಬರೇ ಶಿಕ್ಷಕರಿರುವ ಕಿರಿಯ ಪ್ರಾಥಮಿಕ ಶಾಲೆ ನಿಮ್ಮದು. ಪರಿಸರ ಅಧ್ಯಯನ ಪುಸ್ತಕದಲ್ಲೇ ಉಳಿದುಹೋಗುತ್ತಿದೆ, ಊರಿನವರನ್ನೂ ಸಂಘ ಸಂಸ್ಥೆಗಳನ್ನೂ ಜೊತೆಗೆ ಸೇರಿಸಿಕೊಳ್ಳುವ ಆಸೆ ಇದೆ, ಕೈಯಲ್ಲಿ ಹಣವಿಲ್ಲ, ಯಾರ ಬಳಿ ಹೋಗಲಿ ಎಂದು ಕೇಳಿದ್ದೀರಿ. ನಾನು ತುಮಕೂರು ಜಿಲ್ಲೆಯ ಹಳ್ಳಿಯೊಂದರ ಸರ್ಕಾರಿ ಶಾಲೆಯಲ್ಲಿ ಬಹಳ ವರ್ಷ ಮುಖ್ಯಶಿಕ್ಷಕಿಯಾಗಿದ್ದು ನಿವೃತ್ತಳಾದವಳು. ನಾನು ಕಂಡುಕೊಂಡದ್ದು ಇಷ್ಟು: ಹಣ ಕೊಡುವವರಿಗಿಂತ ಮೊದಲು ವಿಷಯ ಬಲ್ಲವರನ್ನು ಹುಡುಕಬೇಕು. ಅವರು ನಿಮ್ಮ ಊರಿನಲ್ಲೇ ಇರುತ್ತಾರೆ. ಶಾಲೆ ಅವರನ್ನು ಕರೆದಿರುವುದಿಲ್ಲ, ಅಷ್ಟೇ.

ನಮಗೆ ಮೊದಲು ಸಿಕ್ಕವರು ಊರ ಕೆರೆಯ ನೀರುಗಂಟಿ. ಬಯಲುಸೀಮೆಯ ಕೆರೆಗಳಲ್ಲಿ ತೂಬು ಎತ್ತಿ, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹಂಚುವ ಈ ಕೆಲಸ ತಲೆಮಾರುಗಳಿಂದ ಹೆಚ್ಚಾಗಿ ದಲಿತ ಕುಟುಂಬಗಳ ಕೈಯಲ್ಲಿತ್ತು. ಸುಗ್ಗಿಯಲ್ಲಿ ರೈತರು ಅಳೆದುಕೊಡುತ್ತಿದ್ದ ದವಸವೇ ಅವರ ಕೂಲಿ. ಕೊಳವೆಬಾವಿಗಳು ಬಂದ ಮೇಲೆ ಆ ಕೆಲಸವೂ ಹೋಯಿತು, ದವಸವೂ ಹೋಯಿತು. ಕೆರೆಯ ಬಗ್ಗೆ ಊರಿನಲ್ಲಿ ಅವರಷ್ಟು ತಿಳಿದವರು ಇನ್ನೊಬ್ಬರಿರಲಿಲ್ಲ. ಆದರೂ ಶಾಲೆಯ ಪಡಸಾಲೆಯಲ್ಲಿ ಅವರಿಗೆ ಕುರ್ಚಿ ಹಾಕಿದ್ದು ಅದೇ ಮೊದಲು. ಒಬ್ಬಿಬ್ಬರು ಹುಬ್ಬೇರಿಸಿದರು. ನಾನು ಹಿಂಜರಿಯಲಿಲ್ಲ. ಊರಿನ ಸಹಭಾಗಿತ್ವ ಎಂದರೆ ಅಧ್ಯಕ್ಷರು, ದಾನಿಗಳು, ಮುಖಂಡರು ಎಂದಷ್ಟೇ ತಿಳಿದರೆ ನೆಲ, ನೀರು, ಸೊಪ್ಪು, ಹಕ್ಕಿಗಳ ಅರಿವಿರುವ ಅರ್ಧ ಊರು ಹೊರಗೇ ಉಳಿಯುತ್ತದೆ.

ನೀರುಗಂಟಿ ಮಕ್ಕಳನ್ನು ಏರಿಯ ಮೇಲೆ ಸಾಲಾಗಿ ನಿಲ್ಲಿಸಿದರು. 'ಕೋಡಿ ಎಲ್ಲಿದೆ, ತೋರಿಸಿ' ಎಂದರು. ಯಾರಿಗೂ ಗೊತ್ತಿರಲಿಲ್ಲ. ಕೆರೆ ಹಲವು ವರ್ಷಗಳಿಂದ ತುಂಬಿ ಕೋಡಿ ಬಿದ್ದಿರಲಿಲ್ಲವಲ್ಲ, ಗೊತ್ತಾಗುವುದಾದರೂ ಹೇಗೆ? ಆಮೇಲೆ ತೂಬಿನ ಬಳಿಗೆ ಕರೆದೊಯ್ದರು. ಎರಡು ಕಲ್ಲುಕಂಬ, ನಡುವೆ ತೂತು ಕೊರೆದ ಅಡ್ಡಗಲ್ಲು, ಅದರೊಳಗೆ ಇಳಿಬಿಟ್ಟ ಗಣೆ, ಗಣೆಯ ತುದಿಯಲ್ಲಿ ತಳದ ಕಂಡಿಯನ್ನು ಮುಚ್ಚುವ ಬಿರಡೆ. ಎಷ್ಟು ಎತ್ತಿದರೆ ಕಾಲುವೆಗೆ ಎಷ್ಟು ನೀರು ಹೋಗುತ್ತದೆ ಎಂಬುದನ್ನು ಕೈಯಲ್ಲೇ ಅಳತೆ ಮಾಡಿ ತೋರಿಸಿದರು. 'ತಾತಾ, ನೀರು ಎಷ್ಟಿದೆ ಅಂತ ನಿಮಗೆ ಹೇಗೆ ತಿಳಿಯುತ್ತದೆ?' ಎಂದು ನಾಲ್ಕನೆಯ ತರಗತಿಯ ಹುಡುಗಿ ಕೇಳಿದಳು. ಕಂಬದ ಮೇಲಿನ ಗೀರುಗಳನ್ನು ಒಂದೊಂದಾಗಿ ಮುಟ್ಟಿ, ಈ ಗೀರಿಗೆ ನಿಂತರೆ ಒಂದು ಬೆಳೆ, ಇಲ್ಲಿಗೆ ಇಳಿದರೆ ದನಕರುಗಳಿಗೆ ಮಾತ್ರ ಎಂದರು. ನಾನು ಎಷ್ಟೋ ವರ್ಷ ಕಪ್ಪುಹಲಗೆಯ ಮೇಲೆ ಜಲಚಕ್ರ ಬರೆದವಳು. ಮಕ್ಕಳು ಆ ಗೀರುಗಳನ್ನು ನೋಡಿದ ಹಾಗೆ ನನ್ನ ಚಿತ್ರವನ್ನು ಎಂದೂ ನೋಡಿರಲಿಲ್ಲ.

ಇಂಥ ಭೇಟಿ ಒಂದು ದಿನದ ಕಾರ್ಯಕ್ರಮವಾಗಿ ಮುಗಿದುಹೋಗಬಾರದು. ನಾವು ಅದಕ್ಕೊಂದು ದಿನಚರಿ ಕಟ್ಟಿದೆವು. ವಾರಕ್ಕೊಮ್ಮೆ ನೀರು ಯಾವ ಗೀರಿಗಿದೆ, ಬಣ್ಣ ಹೇಗಿದೆ, ಯಾವ ಹಕ್ಕಿ ಬಂದಿದೆ ಎಂದು ಮಕ್ಕಳು ಪುಸ್ತಕದಲ್ಲಿ ಬರೆಯಬೇಕು. ಜೊತೆಗೆ ಶಾಲೆಯ ಅಂಗಳದಲ್ಲಿ ಮಳೆಮಾಪಕ. ಪ್ಲಾಸ್ಟಿಕ್ ಬಾಟಲಿಯ ಮೇಲ್ಭಾಗವನ್ನು ಕತ್ತರಿಸಿ ಆಲಿಕೆಯಂತೆ ತಲೆಕೆಳಗಾಗಿ ಇಟ್ಟು, ತಳದ ಉಬ್ಬುತಗ್ಗು ಮುಚ್ಚುವಷ್ಟು ಕಲ್ಲುಹರಳು ಹಾಕಿ ನೀರು ತುಂಬಿ, ಆ ಮಟ್ಟದಿಂದ ಮೇಲಕ್ಕೆ ಸ್ಕೇಲ್ ಅಂಟಿಸಿದರೆ ಆಯಿತು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನು ಇಟ್ಟಿದೆ. ಅದರ ಲೆಕ್ಕವನ್ನು ಕೇಳಿ ಪಡೆದು ತಮ್ಮ ಬಾಟಲಿಯ ಲೆಕ್ಕದ ಪಕ್ಕದಲ್ಲಿಟ್ಟು ನೋಡುವುದು ಮಕ್ಕಳಿಗೆ ಬಹಳ ಖುಷಿಯ ಕೆಲಸ. ಎರಡೂ ಒಂದೇ ಆಗದ ದಿನ, ಪಕ್ಕದೂರಿಗೆ ಬಿದ್ದ ಮಳೆ ನಮಗೆ ಯಾಕೆ ಬೀಳಲಿಲ್ಲ ಎಂಬ ಪ್ರಶ್ನೆ ತಾನಾಗಿ ಹುಟ್ಟುತ್ತದೆ.

ಪಂಚಾಯಿತಿಯನ್ನು ಒಳಗೊಳ್ಳಲು ನಿಮಗೆ ಇರುವ ಒಳ್ಳೆಯ ದಾರಿ ಮಕ್ಕಳ ಗ್ರಾಮಸಭೆ. ಹೆಚ್ಚಿನ ಕಡೆ ಮಕ್ಕಳ ದಿನಾಚರಣೆಯ ಆಸುಪಾಸಿನಲ್ಲಿ ನಡೆಯುತ್ತದೆ. ಭಾಷಣ ಬಾಯಿಪಾಠ ಮಾಡಿಸಿ ಕಳುಹಿಸಬೇಡಿ, ವಾರವಾರ ಬರೆದ ಆ ಪುಸ್ತಕವನ್ನು ಕೊಟ್ಟು ಕಳುಹಿಸಿ. ನಮ್ಮ ಮಕ್ಕಳು ಮಳೆಯ ಲೆಕ್ಕ ಮತ್ತು ಕೆರೆಯ ಗೀರು ಎರಡನ್ನೂ ಓದಿ, ಮಳೆ ಚೆನ್ನಾಗಿ ಬಂದರೂ ಕೆರೆಗೆ ನೀರು ಬಂದಿಲ್ಲ, ನೀರು ಬರುವ ಕಾಲುವೆ ಮುಚ್ಚಿಹೋಗಿದೆ ಎಂದರು. ಅಲ್ಲಿದ್ದ ಯಾರೂ ಅದನ್ನು ಅಲ್ಲಗಳೆಯುವಂತಿರಲಿಲ್ಲ. ಉದ್ಯೋಗ ಖಾತರಿ ಯೋಜನೆಯಡಿ ಕಾಲುವೆಯ ಒಂದು ಭಾಗದ ಹೂಳು ತೆಗೆಸಿದರು. ಉಳಿದ ಭಾಗ ಒತ್ತುವರಿಯಾಗಿತ್ತು, ಹಾಗೇ ಉಳಿಯಿತು. ಮಕ್ಕಳು ಅದನ್ನೂ ಬರೆದುಕೊಂಡರು.

ಇನ್ನು ಇಲಾಖೆಗಳು, ಸಂಸ್ಥೆಗಳು. ಜೀವವೈವಿಧ್ಯ ಕಾಯ್ದೆ 2002ರ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡ, ಪ್ರಾಣಿ, ನಾಟಿ ತಳಿಗಳ ದಾಖಲೆ ಮಾಡುವುದು ಅದರ ಮುಖ್ಯ ಕೆಲಸ. ಆ ದಾಖಲೆಯನ್ನು ಕೇಳಿ ತರಿಸಿ, ಮಕ್ಕಳು ಅಜ್ಜಿಯರಿಂದ ಬೆರಕೆ ಸೊಪ್ಪಿನ ಹೆಸರುಗಳನ್ನು ಕೇಳಿ ಬರೆದುಕೊಂಡು ಬಂದು ಅದರೊಂದಿಗೆ ಹೋಲಿಸಲಿ. ಮಕ್ಕಳನ್ನು ಕಾಡು ನೋಡಲು ಕರೆದೊಯ್ಯುವ ಅರಣ್ಯ ಇಲಾಖೆಯ ಚಿಣ್ಣರ ವನದರ್ಶನ ಕಾರ್ಯಕ್ರಮದ ಬಗ್ಗೆ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ಮರವೊಂದನ್ನು ಆರಿಸಿಕೊಂಡು ಅದರ ಚಿಗುರು, ಹೂವು, ಕಾಯಿಗಳನ್ನು ವಾರವಾರವೂ ಗಮನಿಸಿ ದಾಖಲಿಸುವ ಸೀಸನ್‌ವಾಚ್ ಎಂಬ ಯೋಜನೆಯೂ ಇದೆ. ಕೇರಳದ ನೂರಾರು ಶಾಲೆಗಳು ಅದರಲ್ಲಿವೆ. ಶಾಲೆಯ ಮುಂದಿನ ಹೊಂಗೆಮರ ಸಾಕು, ಖರ್ಚಿಲ್ಲ.

ಕಂಪನಿಗಳು ಬಂದರೆ ಕಸದ ಡಬ್ಬಿ, ಬ್ಯಾನರ್, ಟೋಪಿ ಕೊಟ್ಟು ಫೋಟೊ ತೆಗೆಸಿಕೊಂಡು ಹೋಗುವ ರೂಢಿ ಇದೆ. ನಿಮಗೆ ಬೇಕಾದ್ದನ್ನು ನೀವೇ ಹೇಳಿ. ನಾನಾದರೆ ಹಕ್ಕಿ ನೋಡಲು ಒಂದು ಬೈನಾಕ್ಯುಲರ್, ಕನ್ನಡದ ಪಕ್ಷಿ ಪುಸ್ತಕ, ಹನಿ ನೀರಾವರಿಯ ಪೈಪು ಕೇಳುತ್ತೇನೆ. ಜೂನ್ 5ರಂದು ನೂರು ಸಸಿ ನೆಡುತ್ತೇವೆ ಎನ್ನುವವರಿಗೆ ಹತ್ತು ಸಾಕು ಎನ್ನಿ. ಸಸಿ ಸಾಯುವುದು ಏಪ್ರಿಲ್ ಮೇ ರಜೆಯಲ್ಲಿ, ಶಾಲೆಗೆ ಬೀಗ ಬಿದ್ದಾಗ. ನಮ್ಮಲ್ಲಿ ಅವು ಉಳಿದದ್ದು ಬಿಸಿಯೂಟದ ಅಡುಗೆಯವರಿಂದ. ಸ್ತ್ರೀಶಕ್ತಿ ಸಂಘದ ಹೆಂಗಸರನ್ನು ಸೇರಿಸಿಕೊಂಡು ಸರದಿ ಹಾಕಿಕೊಂಡರು. ಮೇಕೆ ನುಗ್ಗದಂತೆ ಜಾಲಿಮುಳ್ಳಿನ ಬೇಲಿ ಕಟ್ಟಿಕೊಟ್ಟವರು ಹಳೆಯ ವಿದ್ಯಾರ್ಥಿಗಳು. ನುಗ್ಗೆ, ಕರಿಬೇವು ಬಿಸಿಯೂಟಕ್ಕೇ ಬರುತ್ತಿದ್ದುದರಿಂದ ಆ ಅಕ್ಕಂದಿರಿಗೆ ತೋಟ ತಮ್ಮದೇ ಆಗಿತ್ತು.

ಶಾಲೆಗಳಲ್ಲಿ ಪರಿಸರ ವಿಷಯ ಕಡ್ಡಾಯವಾಗಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1991ರಲ್ಲಿ. ಪಾಠ ಬಂತು, ಪರೀಕ್ಷೆ ಬಂತು, ಆದರೆ ಮಕ್ಕಳನ್ನು ಕೆರೆಯವರೆಗೆ ಕರೆದೊಯ್ಯುವ ಎರಡನೆಯ ಕೈ ಶಿಕ್ಷಕರಿಗೆ ಸಿಗಲಿಲ್ಲ. ಆ ಕೈ ಪೋಷಕರದೇ ಆಗಬೇಕು. ಕೆರೆಗೆ ಹೋಗುವಾಗ ಪೋಷಕರ ಒಪ್ಪಿಗೆ ಬರಹದಲ್ಲಿರಲಿ, ಜೊತೆಗೆ ಈಜು ಬಲ್ಲ ದೊಡ್ಡವರಿರಲಿ, ಏರಿಯಿಂದ ಕೆಳಗೆ ಒಂದು ಮಗುವೂ ಇಳಿಯಕೂಡದು. ಈ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು.

ಇಬ್ಬರೇ ಇರುವ ನೀವು ಇದೆಲ್ಲವನ್ನೂ ಒಟ್ಟಿಗೆ ಹಚ್ಚಿಕೊಳ್ಳಬೇಡಿ. ಮುಂದಿನ ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಒಂದೇ ಪ್ರಶ್ನೆ ಇಡಿ: ನಮ್ಮೂರ ಮಣ್ಣು, ನೀರು, ಮರಗಳ ಬಗ್ಗೆ ಚೆನ್ನಾಗಿ ಬಲ್ಲವರು ಯಾರು? ಬಂದ ಹೆಸರುಗಳಲ್ಲಿ ಒಬ್ಬರನ್ನು ಆರಿಸಿ, ಮಕ್ಕಳು ಬ್ಯಾಗಿಲ್ಲದೆ ಬರುವ ತಿಂಗಳ ಸಂಭ್ರಮ ಶನಿವಾರಕ್ಕೆ ಬರುವಂತೆ ಅವರ ಮನೆಗೇ ಹೋಗಿ ಕರೆಯಿರಿ. ದಿನಾಂಕವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ನಿಮ್ಮೂರಿನಲ್ಲಿ ಕೆರೆ ಇದೆಯೋ, ಕಾಡಿದೆಯೋ, ಬರೀ ಹೊಲಗಳಿವೆಯೋ ತಿಳಿಸಿದರೆ ಎಲ್ಲಿಂದ ಶುರು ಮಾಡಬಹುದು ಎಂದು ಇನ್ನಷ್ಟು ಬಿಡಿಸಿ ಬರೆಯುತ್ತೇನೆ.