ಏಡಿಗೆ ಪಾಲಿಶ್ ಯಾಕ್ರೀ?

ಗದಗ-ಬೆಟಗೇರಿಯ ಓದುಗರೊಬ್ಬರು ಬರೆದಿದ್ದಾರೆ: 'ಕಲ್ಲಾದ ಏಡಿಯೊಂದನ್ನು ದುಡ್ಡು ಕೊಟ್ಟು ತರಿಸಿದ್ದೇನೆ. ಫಿಲಿಪ್ಪೀನ್ಸಿನದಂತೆ. ಅಂಗೈಯಗಲದ ಕಲ್ಲುಂಡೆ, ಅದರಲ್ಲಿ ಅರ್ಧ ಹೂತ ಏಡಿ. ಕಲ್ಲೆಲ್ಲ ಕೆತ್ತಿಸಿ ಪಾಲಿಶ್ ಹೊಡೆಸಿದರೆ ಶೋಕೇಸಿಗೆ ಚಂದ ಅಂತಾರೆ ಅಳಿಯ. ನನಗೆ ಮನಸ್ಸಿಲ್ಲ. ಇಂಥದ್ದು ನಮ್ಮ ಕಪ್ಪತಗುಡ್ಡದಲ್ಲೂ ಸಿಕ್ಕೀತೆ?'

ಕಪ್ಪತಗುಡ್ಡದ ಆಸೆ ಬಿಡಿ. ಆ ಗುಡ್ಡದ ಕಲ್ಲು ಧಾರವಾಡ ಶಿಲೆಗಳ ಗುಂಪಿನದು, 250 ಕೋಟಿ ವರ್ಷಕ್ಕೂ ಹಳೇದು. ಆಗಿನ್ನೂ ಏಡಿ ಹುಟ್ಟಿರಲೇ ಇಲ್ಲ.

ಅಳಿಯಂದಿರ ಮಾತು ತೀರಾ ತಪ್ಪಲ್ಲ. ಗಾಳಿಯ ಒತ್ತಡದಿಂದ ಓಡುವ ಸೂಜಿಯಂಥ ಉಪಕರಣ ಹಿಡಿದು, ಗಂಟೆಗಟ್ಟಲೆ ಕೂತು, ಒಂದೊಂದೇ ಕಾಲು ಬಿಡಿಸುವ ಪರಿಣತರಿದ್ದಾರೆ. ಆದರೆ ಗ್ರಾನೈಟ್ ಅಂಗಡಿಯ ಗ್ರೈಂಡರಿಗೆ ಮಾತ್ರ ಕೊಡಬೇಡಿ. ಸತ್ತ ಏಡಿಯ ಕೈಕಾಲು ಬೇಗ ಕಳಚಿಕೊಳ್ಳುತ್ತವೆ. ಕೆಸರು ಲಗೂನೆ ಮುಚ್ಚಿ, ಸುತ್ತ ಖನಿಜ ಕಟ್ಟಿ ಗಟ್ಟಿಯಾದ್ದರಿಂದಲೇ ನಿಮ್ಮದು ಇಡಿಯಾಗಿ ಉಳಿದಿದೆ. ಕಾಪಾಡಿದ್ದೇ ಆ ಕಲ್ಲುಂಡೆ, ಅಲ್ವಾ? ಬೆನ್ನ ಮೇಲೆ ಮೆಲ್ಲಗೆ ಬೆರಳಾಡಿಸಿ. ರವೆಯಂಥ ತರಿ ಸಿಗಬಹುದು. ಜಾತಿ ಗುರುತು ಹಿಡಿಯೋರು ನೋಡೋದು ಇಂಥವನ್ನೇ, ಪಾಲಿಶ್ ಮೊದಲು ತಿನ್ನೋದೂ ಇವನ್ನೇ. ಹುಣಸೆಹುಳಿ ಹಚ್ಚಿ ತಿಕ್ಕೋದೂ ಬೇಡ. ಚಿಪ್ಪಿನಲ್ಲಿ ಸುಣ್ಣ ಇರುತ್ತದೆ, ಹುಳಿಗೆ ಕರಗುತ್ತದೆ.

ನಮ್ಮ ಮನೆಯಲ್ಲಿ ಸಾಲಿಗ್ರಾಮ ಇತ್ತು. ಅದೂ ಪಳೆಯುಳಿಕೆಯೇ. ನೇಪಾಳದ ಗಂಡಕಿ ನದಿಯಲ್ಲಿ ಸಿಗುವ ಅಮೊನೈಟ್, ಒಂದು ಕಾಲಕ್ಕೆ ಸಮುದ್ರದ ಜೀವಿ. ಒಳಗಿನ ಚಕ್ರ ನೋಡಬೇಕಂತ ಎಂಟನೇ ವಯಸ್ಸಿನಲ್ಲಿ ಒರಳಿನ ಗುಂಡು ಎತ್ತಿದ್ದೆ. ಅಜ್ಜಿ ಕೊಟ್ಟ ಏಟು ಬೆನ್ನಿಗೆ ಇನ್ನೂ ನೆನಪಿದೆ.

ಹಳೇದು ಹಳೇದಾಗಿ ಕಂಡರೆ ನಮ್ಮ ಜನಕ್ಕೆ ಯಾಕೋ ಸಮಾಧಾನವಿಲ್ಲ. ನಮ್ಮ ಕಡೆಯ ಒಂದೂರಲ್ಲಿ ವೀರಗಲ್ಲಿಗೆ ಎಣ್ಣೆ ಬಣ್ಣ ಬಳಿದಿದ್ದರು. ವೀರನಿಗೆ ಗುಲಾಬಿ ಕೆನ್ನೆ, ಕುದುರೆಗೆ ನೀಲಿ ಬಾಲ. ಶಾಸನದ ಎರಡು ಸಾಲು ಬಣ್ಣದಡಿ ಹೋಗಿದ್ದವು. ಯಾಕ್ರೀ ಅಂತ ಕೇಳಿದೆ. 'ಚಂದ ಕಾಣ್ಲಿ ಅಂತರೀ' ಅಂದರು. ಗುಡಿಯ ಕಂಬಕ್ಕೆ ಸುಣ್ಣ, ಕಟ್ಟೆಗೆ ಟೈಲ್ಸು, ಎಲ್ಲಾ ಚಂದಕ್ಕೇ. ನಿಮಗೆ ಮನಸ್ಸಿಲ್ಲ ಅಂತ ಓದಿ ನನಗೆ ಜೀವ ಬಂದಂತಾಯಿತು.

ಒಂದು ಅನುಮಾನ ಮಾತ್ರ. ಕಾಲುಗಳೆಲ್ಲ ಒಂದೂ ಊನವಿಲ್ಲದೆ ಹೊಳೆಯುತ್ತಿದ್ದರೆ ಕೀಲಿನ ಹತ್ತಿರ ಭೂತಗನ್ನಡಿ ಹಿಡಿದು ನೋಡಿ. ಬೇರೆ ಏಡಿಯ ಕಾಲು ಅಂಟಿಸಿ, ಬಣ್ಣ ಹಚ್ಚಿ ಮಾರೋರಿದ್ದಾರೆ. ಮತ್ತೆ, ಯಾವ ಊರಲ್ಲಿ, ಯಾವ ಪದರದಲ್ಲಿ ಸಿಕ್ಕಿತು ಅನ್ನೋ ಚೀಟಿ ಜೊತೆಗಿತ್ತಾ? ಪೆಟ್ಟಿಗೆ ರದ್ದಿಗೆ ಹಾಕುವ ಮುಂಚೆ ಒಮ್ಮೆ ತಡಕಿ ನೋಡಿ.